ಮುಚ್ಚಳದ ಮೇಲಿನ ಯುದ್ಧ

ಜೋಡಿಸಿ ಮಾಡುವ ಪ್ಲಾಸ್ಟಿಕ್ ಮಾದರಿಗಳ ಹಳೆಯ ಕಿಟ್‌ಗಳನ್ನು ಕೂಡಿಡುವವರಲ್ಲಿ ಒಂದು ವಿಚಿತ್ರ ಲೆಕ್ಕಾಚಾರವಿದೆ. ಯಾರೋ ಶ್ರದ್ಧೆಯಿಂದ ಜೋಡಿಸಿ, ಬಣ್ಣ ಹಚ್ಚಿ ಮುಗಿಸಿದ ವಿಮಾನಕ್ಕೆ ಅವರಲ್ಲಿ ಅಂಥ ಬೆಲೆಯಿಲ್ಲ. ಚೂರುಗಳು ಜೋಡಿಸದೆ ಹಾಗೇ ಉಳಿದಿದ್ದರೆ ಬೆಲೆ ಏರುತ್ತದೆ. ಪೆಟ್ಟಿಗೆಯನ್ನು ತೆರೆದೇ ಇಲ್ಲವೆಂದರೆ ಇನ್ನೂ ಏರುತ್ತದೆ. ಅಷ್ಟು ದುಡ್ಡು ಕೊಟ್ಟು ಕೊಂಡವರು ತಾವೂ ಅದನ್ನು ತೆರೆಯುವುದಿಲ್ಲ. ಮುಚ್ಚಳ ಕಾಣುವಂತೆ ಕಪಾಟಿಗೆ ಒರಗಿಸಿ ನಿಲ್ಲಿಸುತ್ತಾರೆ. ಐವತ್ತು ಅರವತ್ತು ವರ್ಷಗಳಿಂದ ರೆಕ್ಕೆ, ಬಾಲ, ಚಕ್ರಗಳು ಪ್ಲಾಸ್ಟಿಕ್ ಕಡ್ಡಿಗೆ ಅಂಟಿಕೊಂಡು ಒಳಗೇ ಕಾಯುತ್ತಿವೆ. ಅವು ವಿಮಾನವಾಗುವ ದಿನ ಬರುವುದಿಲ್ಲ. ಕೊಂಡದ್ದು ಮುಚ್ಚಳವನ್ನು.

ಇದನ್ನು ಮುದುಕರಾದ ಹುಡುಗರ ಹುಚ್ಚೆಂದು ನಗಬಹುದು. ನಾನೂ ಬಹಳ ಕಾಲ ನಕ್ಕವನೇ. ಆದರೆ ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಗಾಗಿ ರಾಯ್ ಕ್ರಾಸ್ ಬರೆದ ಚಿತ್ರಗಳನ್ನು, 2009ರಲ್ಲಿ ಬಂದ ಅವರ ‘ದಿ ವಿಂಟೇಜ್ ಇಯರ್ಸ್ ಆಫ್ ಏರ್‌ಫಿಕ್ಸ್ ಬಾಕ್ಸ್ ಆರ್ಟ್’ ಪುಸ್ತಕದಲ್ಲಿ ಸಾಲಾಗಿ ನೋಡಿದ ಮೇಲೆ ನಗು ಸ್ವಲ್ಪ ಇಳಿಯಿತು. ಆ ಪೆಟ್ಟಿಗೆಗಳಲ್ಲಿ ನಿಜಕ್ಕೂ ಚೆನ್ನಾಗಿದ್ದದ್ದು ಮುಚ್ಚಳವೇ. ಹಾಗಾಗಿ ಈ ಹಂಬಲದಲ್ಲಿ ಒಂದು ನ್ಯಾಯವಿದೆ. ಒಂದು ಅನ್ಯಾಯವೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಏರ್‌ಫಿಕ್ಸ್ ಹುಟ್ಟಿದ್ದು ಯುದ್ಧವಿಮಾನದ ಕನಸಿನಿಂದಲ್ಲ. ಹಂಗೇರಿಯಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ ನಿಕೊಲಸ್ ಕೋವ್ 1939ರಲ್ಲಿ ಶುರುಮಾಡಿದ್ದು ಗಾಳಿ ತುಂಬುವ ರಬ್ಬರ್ ಆಟಿಕೆಗಳ ವ್ಯಾಪಾರ. ವ್ಯಾಪಾರಿಗಳ ಹೆಸರುಪಟ್ಟಿಯಲ್ಲಿ ಮೇಲುಗಡೆಯೇ ಕಾಣಿಸಲಿ ಎಂದು ಇಂಗ್ಲಿಷ್ ಅಕ್ಷರಮಾಲೆಯ ಮೊದಲ ಅಕ್ಷರದಿಂದ ಹೆಸರು ಹುಡುಕಿದರು. ಯುದ್ಧ ಮುಗಿದ ಮೇಲೆ ಕಾರ್ಖಾನೆ ಬಾಚಣಿಗೆಗಳನ್ನು ಹೊಯ್ಯತೊಡಗಿತು. 1949ರಲ್ಲಿ ಫರ್ಗ್ಯೂಸನ್ ಟ್ರ್ಯಾಕ್ಟರ್ ಕಂಪನಿಯ ಮಾರಾಟಗಾರರು ಕೈಯಲ್ಲಿ ಹಿಡಿದು ತೋರಿಸಲು ಒಂದು ಪುಟ್ಟ ಟ್ರ್ಯಾಕ್ಟರ್ ಬೇಕೆಂದಾಗ ಅದನ್ನೂ ಮಾಡಿಕೊಟ್ಟರು. ಆಮೇಲೆ ಅದನ್ನೇ ಬಿಡಿ ಚೂರುಗಳಾಗಿ ಅಂಗಡಿಯಲ್ಲಿ ಮಾರಿದರು. 1952ರಲ್ಲಿ ಬಂದ ‘ಗೋಲ್ಡನ್ ಹೈಂಡ್’ ಹಾಯಿಹಡಗಿನ ಕಿಟ್ಟು ಊಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲ್ಲಿಂಗಿಗೆ ಸಿಗಬೇಕಿತ್ತು. ಆ ಬೆಲೆಗೆ ರಟ್ಟಿನ ಪೆಟ್ಟಿಗೆ ಗಿಟ್ಟದು. ಹಾಗಾಗಿ ಪ್ಲಾಸ್ಟಿಕ್ ಚೀಲದಲ್ಲಿ ಚೂರುಗಳನ್ನು ತುಂಬಿ, ಚೀಲದ ಬಾಯಿಗೆ ಒಂದು ಕಾಗದ ಮಡಚಿ ಹೊಡೆದರು. ಈಗ ಚೌಕಟ್ಟು ಹಾಕಿಸಿ ತೂಗುಹಾಕುವ ಈ ಕಲೆಯ ಮೊದಲ ಕ್ಯಾನ್ವಾಸು ಆ ಕಾಗದದ ತುಂಡು.

ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್ ಬಂದದ್ದು ಅದರ ಹಿಂದೆಯೇ. ಮೊದಲ ಸ್ಪಿಟ್‌ಫೈರ್ ಕಿಟ್ಟು ಸ್ವಂತದ್ದೂ ಅಲ್ಲ, ಅಮೆರಿಕದ ಅರೋರಾ ಕಂಪನಿಯ ಕಿಟ್ಟನ್ನು ನೋಡಿಕೊಂಡು ಇನ್ನಷ್ಟು ಚಿಕ್ಕದಾಗಿ ಇಳಿಸಿದ್ದು. ಅಳತೆ ನಿಜದ 72ನೇ ಒಂದು ಭಾಗ. ಈ 72 ಎಲ್ಲಿಂದ ಬಂತೆಂದು ಕೇಳುವವರಿಗೆ ಉತ್ತರ ಸುಲಭ: ಅಡಿ, ಅಂಗುಲಗಳ ನಾಡಿನಲ್ಲಿ ಆರಡಿಯನ್ನು ಒಂದಂಗುಲ ಎಂದಿಟ್ಟುಕೊಂಡರೆ ಅದೇ ಲೆಕ್ಕ. ಆರಡಿಯ ಆಳು ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟಾಗುತ್ತಾನೆ. ಸ್ಪಿಟ್‌ಫೈರ್ ಹುಡುಗನ ಒಂದು ಗೇಣಿನೊಳಗೆ ಕೂರುತ್ತದೆ. ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್ ರೆಕ್ಕೆಯಿಂದ ರೆಕ್ಕೆಗೆ ಹೆಚ್ಚುಕಡಿಮೆ ಒಂದು ಮೊಳ. ಆ ಲಿಬರೇಟರನ್ನು ನೆನಪಿಟ್ಟುಕೊಂಡಿರಿ.

ಮೊದಮೊದಲ ಹೊದಿಕೆಗಳ ಚಿತ್ರಗಳನ್ನು ಹೆಚ್ಚಾಗಿ ಬರೆದವರು ಚಾರ್ಲ್ಸ್ ಓಟ್ಸ್. ಅವು ಕೆಟ್ಟ ಚಿತ್ರಗಳಲ್ಲ, ಉಲ್ಲಾಸವಿದೆ, ಬಣ್ಣವಿದೆ. ಆದರೆ ವಿಮಾನಗಳು ಆಕಾಶದಲ್ಲಿ ಹಾರುವುದಿಲ್ಲ, ಆಕಾಶದ ಮೇಲೆ ಅಂಟಿಸಿದಂತಿರುತ್ತವೆ. 1964ರಲ್ಲಿ ಕ್ರಾಸ್ ಈ ಕೆಲಸಕ್ಕೆ ಬಂದ ಮೇಲೆ ಬದಲಾದದ್ದು ಇದೇ. ಅವರು 1924ರಲ್ಲಿ ಹುಟ್ಟಿದ ದಕ್ಷಿಣ ಲಂಡನ್ನಿನವರು. ಜರ್ಮನ್ ಬಾಂಬರುಗಳು ಲಂಡನ್ನಿನ ಮೇಲೆ ಬಂದ 1940ರಲ್ಲಿ ಹದಿನಾರರ ಹುಡುಗ. ಯುದ್ಧಕಾಲದಲ್ಲಿ ಫೇರಿ ವಿಮಾನ ಕಂಪನಿಯಲ್ಲಿ ತಾಂತ್ರಿಕ ಚಿತ್ರಕಾರರಾಗಿದ್ದರು. ಆಮೇಲೆ ಪತ್ರಿಕೆಗಳಿಗೆ ಯಂತ್ರಗಳ ಹೊಟ್ಟೆ ಬಗೆದು ಒಳಗೇನಿದೆಯೆಂದು ತೋರಿಸುವ ಚಿತ್ರಗಳನ್ನು ಬರೆದರು. ಒಂದು ಯಂತ್ರದ ಮೂಳೆ ಎಲ್ಲೆಲ್ಲಿದೆ ಎಂದು ಬಲ್ಲವರು ಅದರ ಚರ್ಮ ಬರೆದರೆ ಹೇಗಿರುತ್ತದೆ? ಅದೇ ಕ್ರಾಸ್.

ಅವರ ಒಳ್ಳೆಯ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ವೇಗವಲ್ಲ, ತೂಕ. ಇಪ್ಪತ್ತೈದು ಮೂವತ್ತು ಟನ್ನಿನ ಬಾಂಬರ್ ಗಾಳಿಯಲ್ಲಿ ನಿಂತಿರುವುದು ಒಂದು ಪವಾಡವೆಂದು ಅವರ ಕುಂಚಕ್ಕೆ ಗೊತ್ತಿತ್ತು. ದಿಗಂತವನ್ನು ಅವರು ನೆಟ್ಟಗೆ ಬಿಡುವುದೇ ಕಡಿಮೆ. ಅದನ್ನು ಒಂದಿಷ್ಟು ಓರೆ ಮಾಡುತ್ತಾರೆ, ನೋಡುವವನ ಕಾಲಡಿಯ ನೆಲ ಜಾರುತ್ತದೆ. ಬೆಳಕು ಪಕ್ಕದಿಂದ ಬಂದು ಲೋಹದ ಹಲಗೆಗಳ ಕೂಡುಗೆರೆಯನ್ನು ಸವರಿ ಹೋಗುತ್ತದೆ. ಹೊಗೆಕೊಳವೆಯ ಹಿಂದೆ ರೆಕ್ಕೆಯ ಮೇಲೆ ಮಸಿ ಹಿಡಿದಿರುತ್ತದೆ. ಬಣ್ಣ ಸವೆದು ಒಳಗಿನ ಅಲ್ಯೂಮಿನಿಯಂ ಇಣುಕುತ್ತಿರುತ್ತದೆ. ಗ್ವಾಷ್ ಎನ್ನುವ ಗಟ್ಟಿ ನೀರುಬಣ್ಣದಲ್ಲಿ ಇದನ್ನೆಲ್ಲ ಮಾಡಿದರು. ಅದು ಬೇಗ ಒಣಗುವ ಮಾಧ್ಯಮ. ಅದೂ ಎಂಥ ಜಾಗದಲ್ಲಿ! ಅಡ್ಡಡ್ಡ ಉದ್ದನೆಯ ಪಟ್ಟಿ. ಅದರಲ್ಲಿ ಕಂಪನಿಯ ಮುದ್ರೆಗೆ ಒಂದು ಮೂಲೆ, ವಿಮಾನದ ಹೆಸರಿಗೆ ಇನ್ನೊಂದು ಮೂಲೆ ಖಾಲಿ ಬಿಡಬೇಕು. ಆ ಖಾಲಿಯನ್ನು ಮೋಡದಿಂದಲೋ ಹೊಗೆಯಿಂದಲೋ ತುಂಬಿ, ಅದು ಖಾಲಿ ಬಿಟ್ಟ ಜಾಗವೆಂದೇ ಗೊತ್ತಾಗದ ಹಾಗೆ ಮಾಡುವುದರಲ್ಲಿ ಅವರ ಕೈ ಪಳಗಿತ್ತು. 1974ರಲ್ಲಿ ಏರ್‌ಫಿಕ್ಸ್ ಕೆಲಸ ಬಿಟ್ಟು ಕ್ರಾಸ್ ಹಾಯಿಹಡಗುಗಳ, ಹಳೆಯ ಬಂದರುಗಳ ಚಿತ್ರಕಾರರಾದರು. ಅವರ ಯುದ್ಧನೌಕೆಯ ಪೆಟ್ಟಿಗೆಗಳನ್ನು ನೋಡಿದವರಿಗೆ ಇದು ಆಶ್ಚರ್ಯವೇನಲ್ಲ. ನನ್ನ ಮಟ್ಟಿಗೆ ಅವರ ಸಮುದ್ರ ಅವರ ಆಕಾಶಕ್ಕಿಂತ ಒಂದು ಕೈ ಮೇಲು. ನೂರು ತುಂಬಿದ ತಿಂಗಳಲ್ಲೇ, 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಅವರಿಗೆ ಒಲಿಯದಿದ್ದದ್ದು ಮನುಷ್ಯ. ಕಾಕ್‌ಪಿಟ್ಟಿನ ಗಾಜಿನ ಹಿಂದೆ ಗುಂಡುಸೂಜಿಯ ತಲೆಯಷ್ಟು ಕಂದುಬಣ್ಣದ ಚುಕ್ಕೆ, ಅಷ್ಟೇ. ಮುಖವಿಲ್ಲ, ಹೆದರಿಕೆಯಿಲ್ಲ. ಅಳತೆಯ ಕಾರಣ ಕೊಡಬಹುದು. ಆದರೆ ಹತ್ತು ವರ್ಷ ಬರೆದ ಚಿತ್ರಗಳಲ್ಲಿ ಎಲ್ಲಿಯೂ ಮನುಷ್ಯ ಯಂತ್ರಕ್ಕಿಂತ ಮುಖ್ಯವಾಗುವುದಿಲ್ಲ ಎಂದರೆ ಅದು ಅಳತೆಯ ಪ್ರಶ್ನೆ ಮಾತ್ರವಲ್ಲ. ಪೆಟ್ಟಿಗೆಯಲ್ಲಿ ಮಾರುತ್ತಿದ್ದದ್ದು ಯಂತ್ರ.

ಇನ್ನು ಒಳಗಿದ್ದ ಆ ಯಂತ್ರದ ಕಥೆ. ನಮ್ಮಲ್ಲಿ ದೀಪಾವಳಿಯ ಪಟಾಕಿ ಪೆಟ್ಟಿಗೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಏಳು ಬಣ್ಣದ ಆಕಾಶ, ಒಳಗೆ ನಾಲ್ಕು ಸುರುಸುರು ಕಡ್ಡಿ. ಆ ಕಾಲದ ಏರ್‌ಫಿಕ್ಸ್ ವಿಮಾನದ ಮೈತುಂಬ ರಿವೆಟ್ಟಿನ ಗುಳ್ಳೆಗಳು ಎದ್ದಿರುತ್ತಿದ್ದವು. ಅರ್ಧ ಮಿಲಿಮೀಟರಿನ ಗುಳ್ಳೆಯನ್ನು 72ರಿಂದ ಗುಣಿಸಿ ನೋಡಿ: ನಿಜದ ವಿಮಾನದಲ್ಲಿ ಮೂರೂವರೆ ಸೆಂಟಿಮೀಟರಿನ ಬೋರಾಣಿ! ಕಾಕ್‌ಪಿಟ್ಟಿನ ‘ಗಾಜು’ ಸೋಡಾ ಬಾಟಲಿಯ ತಳದಷ್ಟು ದಪ್ಪ. ಅಚ್ಚಿನ ಸಂದಿಯಿಂದ ಒಸರಿದ ಪ್ಲಾಸ್ಟಿಕ್ಕು ಚೂರಿನ ಅಂಚಿಗೆಲ್ಲ ಸಿಪ್ಪೆಯ ಹಾಗೆ ಅಂಟಿರುತ್ತಿತ್ತು. ಇಷ್ಟಕ್ಕೆ ಹುಡುಗನ ಕೈಚಳಕ ಸೇರಿದರೆ ಮುಗಿಯಿತು.

ನಮ್ಮ ಸೋದರಮಾವ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. ವಿಲಾಯತಿಗೆ ಹೋಗಿಬಂದ ಅವರ ಮೇಲಧಿಕಾರಿಯೊಬ್ಬರು ತಂದಿದ್ದ ಜರ್ಮನಿಯ ಫೋಕೆ-ವುಲ್ಫ್ 190 ವಿಮಾನದ ಕಿಟ್ಟು ಹೇಗೋ ಮಾವನ ಮೂಲಕ ನನ್ನ ಕೈಗೆ ಬಂತು. ಆಗ ನನಗೆ ಒಂಬತ್ತು ವರ್ಷ. ಅಂಟಿನ ಟ್ಯೂಬನ್ನು ಸೂಜಿಯಿಂದ ಚುಚ್ಚಿದ್ದೇ ತಡ, ಅದು ನಿಲ್ಲದೆ ಸುರಿಯಿತು. ಪ್ರೊಪೆಲರ್ ತಿರುಗಲಿಲ್ಲ. ಗಾಜಿನ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು, ಪತ್ರದ ಕೊನೆಗೆ ಒತ್ತಿದ ಹಾಗೆ, ಶಾಶ್ವತವಾಗಿ ಕೂತಿತು. ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳಲ್ಲಿ ಒಂದು ಸುರುಳಿಯಾಗಿ ಲೋಟದ ತಳ ಸೇರಿತು. ಮಾವ ಮಾತ್ರ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಇದನ್ನ ಮಾಡಿದೋನು ನಮ್ಮೂರಲ್ಲೇ ಇದ್ದ ಕಣೋ’ ಎಂದರು. ಹುಡುಗನನ್ನು ಸಮಾಧಾನ ಮಾಡಲು ಹೇಳಿದ ಸುಳ್ಳೆಂದೇ ಎಷ್ಟೋ ವರ್ಷ ಅಂದುಕೊಂಡಿದ್ದೆ.

ಮುಚ್ಚಳವನ್ನು ಎದುರಿಗಿಟ್ಟುಕೊಂಡು ಜೋಡಿಸಿದ್ದು ನೆನಪಿದೆ. ಎಲ್ಲ ಮಕ್ಕಳೂ ಹಾಗೇ ಮಾಡುತ್ತಿದ್ದರಂತೆ. ಕೈಯಲ್ಲಿರುವ ವಕ್ರ ಪ್ಲಾಸ್ಟಿಕ್ಕಿಗೂ ಎದುರಿನ ಚಿತ್ರಕ್ಕೂ ನಡುವಿನ ದೂರವನ್ನು ತುಂಬುವುದೇ ಆಟ. ಬಾಯಲ್ಲಿ ‘ಡ್ರ್‌ರ್’ ಎಂದು ಎಂಜಿನ್ನಿನ ಸದ್ದು ಮಾಡುತ್ತ, ಒಂದು ಕಣ್ಣು ಮುಚ್ಚಿ, ವಿಮಾನವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ಗಳಿಗೆ ಎರಡೂ ಒಂದಾಗುತ್ತಿದ್ದವು. ಈ ಕಾರಣಕ್ಕೇ ಕ್ರಾಸ್‌ರ ಚಿತ್ರವನ್ನು ಬರೀ ಜಾಹೀರಾತೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಜಾಹೀರಾತಿನ ಕೆಲಸ ಕೊಳ್ಳುವಲ್ಲಿಗೆ ಮುಗಿಯುತ್ತದೆ. ಈ ಚಿತ್ರದ ಕೆಲಸ ಕೊಂಡ ಮೇಲೆ ಶುರುವಾಗುತ್ತಿತ್ತು. ತಮಾಷೆಯೆಂದರೆ, ಜೋಡಿಸಿ ಮುಗಿದ ಕೂಡಲೇ ಮಕ್ಕಳು ಮೊದಲು ಎಸೆಯುತ್ತಿದ್ದದ್ದು ಪೆಟ್ಟಿಗೆಯನ್ನೇ. ಇವತ್ತು ಅದು ದುಬಾರಿಯಾಗಿರುವುದಕ್ಕೆ ಅಂದಿನ ಅಮ್ಮಂದಿರ ಕಸದ ಬುಟ್ಟಿಯೂ ಕಾರಣ.

ಜಪಾನಿನಲ್ಲಿ ಇದೇ ಕಥೆ ಬೇರೆ ಬಣ್ಣದಲ್ಲಿ ನಡೆಯಿತು. ಶಿಜುವೊಕ ನಗರದ ತಮಿಯ ಕಂಪನಿ ಮರ ಕೊಯ್ಯುವ ವ್ಯಾಪಾರದಿಂದ ಮರದ ಆಟಿಕೆಗೆ, ಅಲ್ಲಿಂದ ಪ್ಲಾಸ್ಟಿಕ್ಕಿಗೆ ಬಂದದ್ದು. 1960ರಲ್ಲಿ ಮಾಡಿದ ಯಮಾಟೊ ಯುದ್ಧನೌಕೆ ಸೋತಿತು, ಅದೇ ಹಡಗನ್ನು ಇನ್ನೊಂದು ಕಂಪನಿ ಅಗ್ಗವಾಗಿ ಮಾರುತ್ತಿತ್ತು. ಮುಂದಿನದು ಜರ್ಮನಿಯ ಪ್ಯಾಂಥರ್ ಟ್ಯಾಂಕು, ಮೋಟಾರಿನಿಂದ ಓಡುವಂಥದು. ಅದರ ಅಳತೆ 35ನೇ ಒಂದು ಭಾಗವಾದದ್ದಕ್ಕೆ ಯಾವ ಶಾಸ್ತ್ರವೂ ಇಲ್ಲ, ಒಳಗೆ ಬ್ಯಾಟರಿ ಹಿಡಿಸಬೇಕಿತ್ತು ಅಷ್ಟೇ. ಇಂದಿಗೂ ಲೋಕದ ಟ್ಯಾಂಕು ಮಾದರಿಗಳಲ್ಲಿ ಬಹಳಷ್ಟು ಆ ಬ್ಯಾಟರಿಯ ಅಳತೆಯನ್ನೇ ಪಾಲಿಸುತ್ತಿವೆ. ಇದು ಕಡೆಯ ಪ್ರಯತ್ನವೆಂಬ ಆತಂಕದಲ್ಲಿ ಕಂಪನಿಯ ಶುನ್ಸಾಕು ತಮಿಯ ಆ ಕಾಲದ ಹೆಸರಾಂತ ಚಿತ್ರಕಾರ ಶಿಗೆರು ಕೊಮಾತ್ಸುಜಾಕಿ ಅವರಿಗೆ ಪತ್ರ ಬರೆದು ಮುಚ್ಚಳದ ಚಿತ್ರ ಕೇಳಿದರು. ಅವರು ಒಪ್ಪಿದರು, ಟ್ಯಾಂಕು ಗೆದ್ದಿತು.

ಕೊಮಾತ್ಸುಜಾಕಿ ಕ್ರಾಸ್‌ಗೆ ತದ್ವಿರುದ್ಧ. ಕ್ರಾಸ್‌ರಲ್ಲಿ ತೂಕವಿದ್ದರೆ ಇವರಲ್ಲಿ ಕಾವು. ಟ್ಯಾಂಕಿನ ಕೊಳವೆ ಹಾಳೆ ಹರಿದು ಹೊರಬರುವಂತೆ ಉಬ್ಬುತ್ತದೆ, ಹಿಂದೆ ಆಕಾಶವೆಲ್ಲ ಕಿತ್ತಳೆ ಬೆಂಕಿ, ಮಣ್ಣು ಸಿಡಿಯುತ್ತದೆ. ಅಳತೆಯ ಪಟ್ಟಿ ಹಿಡಿದು ನೋಡಿದರೆ ಹತ್ತು ತಪ್ಪು ಸಿಗಬಹುದು. ಆದರೆ ನಮ್ಮ ಯಕ್ಷಗಾನದ ಬಣ್ಣದ ವೇಷವನ್ನು ಯಾರೂ ಅಳತೆಪಟ್ಟಿ ಹಿಡಿದು ನೋಡುವುದಿಲ್ಲವಲ್ಲ! ನನ್ನ ತಕರಾರು ಬೇರೆ ಕಡೆ ಇದೆ. ಯುದ್ಧ ನಡೆಯುತ್ತಿದ್ದಾಗ ಜಪಾನಿ ಹುಡುಗರಿಗಾಗಿ ಬರುತ್ತಿದ್ದ ‘ಕಿಕಾಯ್ಕಾ’ ಪತ್ರಿಕೆಯಲ್ಲಿ ಭವಿಷ್ಯದ ಭಯಂಕರ ಅಸ್ತ್ರಗಳನ್ನು ಕಲ್ಪಿಸಿ ಬರೆದ ಕೈಯೂ ಇದೇ. ಸೋತ ಮೇಲೆ 1948ರಲ್ಲಿ ‘ಚಿಕ್ಯೂ ಎಸ್‌ಒಎಸ್’ ಎಂಬ ವಿಜ್ಞಾನ ಕಲ್ಪನೆಯ ಚಿತ್ರಕಥೆ ಬರೆದದ್ದೂ ಇದೇ ಕೈ. ಹದಿನೈದು ವರ್ಷದೊಳಗೆ ಅದೇ ಬೆಂಕಿ ಆಟಿಕೆಯ ಮುಚ್ಚಳಕ್ಕೆ ಬಂತು. ಅವರನ್ನು ಅವಕಾಶವಾದಿ ಎನ್ನುವುದು ಸುಲಭ, ನಾನು ಹಾಗೆನ್ನಲಾರೆ. ಅವರಿಗೆ ಬರೆಯಲು ಬರುತ್ತಿದ್ದದ್ದು ಬೆಂಕಿ. ಕೇಳಿದವರಿಗೆಲ್ಲ ಅದನ್ನೇ ಕೊಟ್ಟರು. 1995ರಲ್ಲಿ ಅವರ ಮನೆಗೇ ಬೆಂಕಿ ಬಿದ್ದು ಜೀವಮಾನದ ಚಿತ್ರಗಳು ಸುಟ್ಟುಹೋದವು. ಕಾದಂಬರಿಯಲ್ಲಿ ಇಂಥದ್ದು ಬರೆದರೆ ಸಂಪಾದಕರು ಅತಿಯಾಯಿತೆಂದು ಹೊಡೆದುಹಾಕುತ್ತಾರೆ.

ಅರವತ್ತರ ದಶಕದ ಕೊನೆಗೆ ತಮಿಯ ಬೇರೆ ದಾರಿ ಹಿಡಿಯಿತು: ಬಿಳಿಯ ಹಿನ್ನೆಲೆ, ನಡುವೆ ಟ್ಯಾಂಕು, ಪಕ್ಕದಲ್ಲಿ ಒಂದಿಬ್ಬರು ಸೈನಿಕರು. ಬೆಂಕಿ ಇಲ್ಲ, ನೆಲವೂ ಇಲ್ಲ. ವಿನ್ಯಾಸ ಬಲ್ಲವರು ಇದನ್ನು ಕೊಂಡಾಡುತ್ತಾರೆ. ನನಗದು ಔಷಧಿ ಅಂಗಡಿಯ ಡಬ್ಬಿಯಂತೆ ಕಾಣುತ್ತದೆ: ಚೊಕ್ಕಟ, ಪ್ರಾಮಾಣಿಕ, ತಣ್ಣಗೆ. ಅಮೆರಿಕದ ಮೊನೊಗ್ರಾಂ ಕಂಪನಿ ಇನ್ನೂ ಮುಂದೆ ಹೋಗಿ ಜೋಡಿಸಿದ ಮಾದರಿಯ ಫೋಟೋವನ್ನೇ ಮುಚ್ಚಳಕ್ಕೆ ಹಾಕಿತು. ಅದರ ಬಗ್ಗೆ ಹೇಳುವುದಕ್ಕೇನೂ ಇಲ್ಲ. ಪಟಾಕಿ ಪೆಟ್ಟಿಗೆಯ ಮೇಲೆ ಉರಿದು ಮುಗಿದ ಪಟಾಕಿಯ ಚಿತ್ರ ಹಾಕಿದಂತೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಏರ್‌ಫಿಕ್ಸ್ ಮಾಡಿದ್ದು ಇವೆಲ್ಲಕ್ಕಿಂತ ಕೆಟ್ಟದ್ದು. ಮಕ್ಕಳ ಆಟಿಕೆಯ ಮೇಲೆ ಹಿಂಸೆ ಬೇಡ, ಒಳಗಿಲ್ಲದ್ದನ್ನು ಮೇಲೆ ತೋರಿಸಬೇಡಿ ಎಂಬ ಒತ್ತಡ ಆಗ ಹೆಚ್ಚಿತ್ತು. ಕಂಪನಿ ಕ್ರಾಸ್‌ರ ಚಿತ್ರಗಳನ್ನೇ ತಿದ್ದಿಸಿತು. ಬೀಳುತ್ತಿದ್ದ ಬಾಂಬುಗಳನ್ನು ಅಳಿಸಿದರು. ಸ್ಫೋಟಗಳು ಮೋಡವಾದವು. ಹೊತ್ತಿ ಉರಿಯುತ್ತ ಬೀಳುವ ಎದುರಾಳಿಯ ವಿಮಾನಗಳು ಮಾಯವಾದವು. ಉಳಿದದ್ದು ಸುಂದರ ಆಕಾಶದಲ್ಲಿ ಒಂಟಿಯಾಗಿ ಹಾರುವ ಸುಂದರ ವಿಮಾನ, ಯಾವುದೋ ವಾಯುಯಾನ ಕಂಪನಿಯ ಕ್ಯಾಲೆಂಡರಿನ ಹಾಗೆ. ಬಂದೂಕಿನ ಕೊಳವೆಗಳು ರೆಕ್ಕೆಯಲ್ಲಿ ಹಾಗೇ ಇವೆ. ಹೊಟ್ಟೆಯಡಿಯ ಬಾಂಬಿನ ಬಾಗಿಲುಗಳೂ ಇವೆ. ಅವುಗಳ ಕೆಲಸವನ್ನು ಮಾತ್ರ ಅಳಿಸಲಾಗಿದೆ.

ನಾನು ಮೊದಲು ಹೇಳಿದ ಅನ್ಯಾಯ ಇಲ್ಲಿಂದ ಶುರು. ಮೂಲ ಚಿತ್ರಗಳು ಯುದ್ಧವನ್ನು ಸಾಹಸವೆಂದು ಮಾರಿದವು, ನಿಜ. ಆದರೆ ಈ ಯಂತ್ರ ಬೆಂಕಿ ಹಚ್ಚುತ್ತದೆ, ಬೆಂಕಿಗೆ ಬೀಳುತ್ತದೆ ಎಂಬುದನ್ನಾದರೂ ಮುಚ್ಚಿಡಲಿಲ್ಲ. ತಿದ್ದಿದ ಚಿತ್ರ ಹೇಳುವ ಸುಳ್ಳು ದೊಡ್ಡದು: ಬಾಂಬರ್ ಎನ್ನುವುದು ಬಾಂಬಿಗೆ ಸಂಬಂಧಪಡದ ಒಂದು ಚೆಂದದ ವಸ್ತು. ಮಕ್ಕಳನ್ನು ಹಿಂಸೆಯಿಂದ ಕಾಪಾಡಲು ಹೊರಟವರು ಹಿಂಸೆಗೆ ಸೋಪು ಹಾಕಿ ತೊಳೆದು ಕೊಟ್ಟರು. ಜರ್ಮನಿಯಲ್ಲಿ ಇದರ ಇನ್ನೊಂದು ರೂಪ ಕಾಣಬಹುದು. ಅಲ್ಲಿನ ಕಾನೂನು ನಾತ್ಸಿ ಸ್ವಸ್ತಿಕವನ್ನು ಆಟಿಕೆಯ ಮೇಲೆ ಬಿಡುವುದಿಲ್ಲ, ಬಿಡಲೂ ಬಾರದು. ಹಾಗಾಗಿ ಮುಚ್ಚಳದ ಮೇಲಿನ ಮೆಸರ್‌ಷ್ಮಿಟ್ ಯುದ್ಧವಿಮಾನದ ಬಾಲ ಬೋಳಾಗಿರುತ್ತದೆ. ಕಾನೂನಿನ ಉದ್ದೇಶವೇನೋ ಸರಿ. ಆದರೆ ಆ ವಿಮಾನವನ್ನು ಹತ್ತು ವರ್ಷದ ಹುಡುಗ ನೋಡಿದರೆ ಅದು ಯಾರ ವಿಮಾನ, ಯಾತಕ್ಕಾಗಿ ಹಾರಿತು ಎಂದು ಹೇಳುವ ಒಂದೇ ಒಂದು ಗುರುತೂ ಹೋಗಿ, ಒಳ್ಳೆಯ ಎಂಜಿನಿಯರಿಂಗ್ ಮಾತ್ರ ಉಳಿಯುತ್ತದೆ.

ಏರ್‌ಫಿಕ್ಸ್ 1981ರಲ್ಲಿ ದಿವಾಳಿಯಾಗಿ, ಕೈಯಿಂದ ಕೈಗೆ ದಾಟಿ, 2006ರಲ್ಲಿ ಆಟಿಕೆ ರೈಲುಗಳ ಹಾರ್ನ್‌ಬಿ ಕಂಪನಿಯ ಪಾಲಾಯಿತು. ಈಗ ‘ವಿಂಟೇಜ್ ಕ್ಲಾಸಿಕ್ಸ್’ ಎಂಬ ಹೆಸರಿನಲ್ಲಿ ಹಳೆಯ ಅಚ್ಚುಗಳಿಂದಲೇ ಹಳೆಯ ಕಿಟ್ಟುಗಳನ್ನು ಮತ್ತೆ ಹೊಯ್ದು, ಹಳೆಯ ಚಿತ್ರಗಳ ಮುಚ್ಚಳ ಹಾಕಿ ಮಾರುತ್ತಿದೆ. ಬೆಂಕಿ ಮರಳಿ ಬಂದಿದೆ. ರಿವೆಟ್ಟಿನ ಬೋರಾಣಿಗಳೂ ಬಂದಿವೆ. ಕೊಳ್ಳುವವರು ಮಕ್ಕಳಲ್ಲ, ಅರವತ್ತು ದಾಟಿದವರು. ಕಂಪ್ಯೂಟರಿನಲ್ಲಿ ವಿನ್ಯಾಸವಾದ, ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂರುವ ಹೊಸ ಸ್ಪಿಟ್‌ಫೈರ್ ಅದೇ ಅಂಗಡಿಯಲ್ಲಿ ಸಿಗುತ್ತಿರುವಾಗ ಇವರು ಹಳೆಯ ವಕ್ರ ಪ್ಲಾಸ್ಟಿಕ್ಕನ್ನು ಕೊಳ್ಳುತ್ತಿದ್ದಾರೆ. ತಮ್ಮ ತಂದೆಯರ ಯುದ್ಧವನ್ನು ಊಟದ ಮೇಜಿನ ಮೇಲೆ ಜೋಡಿಸಿದ ತಲೆಮಾರು ಅದು. ತಂದೆ ಆ ಬಗ್ಗೆ ಬಾಯಿಬಿಡುತ್ತಿರಲಿಲ್ಲ, ಮುಚ್ಚಳ ಮಾತಾಡುತ್ತಿತ್ತು. ಅವರ ಹಂಬಲ ನನಗೆ ಅರ್ಥವಾಗುತ್ತದೆ. ಅದು ನನ್ನದಾಗಲು ಮಾತ್ರ ಒಂದು ಅಡ್ಡಿಯಿದೆ.

ಎರಡನೆಯ ಮಹಾಯುದ್ಧದಲ್ಲಿ ಭಾರತದ ಸೈನಿಕರು ಇಪ್ಪತ್ತೈದು ಲಕ್ಷ. ಉತ್ತರ ಆಫ್ರಿಕದ ಮರಳಿನಲ್ಲಿ, ಇಟಲಿಯ ಬೆಟ್ಟಗಳಲ್ಲಿ, ಬರ್ಮಾದ ಕಾಡುಗಳಲ್ಲಿ ಅವರಿದ್ದರು. ಮುಚ್ಚಳಗಳ ಯುದ್ಧದಲ್ಲಿ ಅವರನ್ನು ಹುಡುಕಿ ಸಾಕಾಗುತ್ತದೆ. ಅಲ್ಲಿ ಇಂಗ್ಲಿಷರು, ಜರ್ಮನರು, ಅಮೆರಿಕನ್ನರು, ಜಪಾನಿಯರು; ಉಳಿದವರೆಲ್ಲ ಕೆಳಗಿನ ನೆಲ. ಕ್ರಾಸ್‌ರ ಓರೆ ದಿಗಂತದಡಿಯಲ್ಲಿ ಚಿಕ್ಕದಾಗಿ ಕಾಣುವ ಹೊಲ, ಹಳ್ಳಿ, ಊರುಗಳು ಯಾರವೋ. ಮನೆಯ ಮಾಳಿಗೆಯಿಂದ ತಲೆಯೆತ್ತಿ ನೋಡುವವನ ಚಿತ್ರವನ್ನು ಯಾವ ಮುಚ್ಚಳವೂ ಬರೆದಿಲ್ಲ. ಹದಿನಾರರ ಕ್ರಾಸ್ ಲಂಡನ್ನಿನಲ್ಲಿ ಹಾಗೆ ಕೆಳಗಿನಿಂದಲೇ ನೋಡಿದವರಿರಬೇಕು. ಬರೆಯಲು ಕೂತಾಗ ಅವರೂ ಮೇಲಕ್ಕೇ ಹೋದರು. ಬೆಲೆ ಬರುತ್ತಿದ್ದದ್ದು ಆ ಎತ್ತರದ ನೋಟಕ್ಕೆ.

ಮಾವ ಹೇಳಿದ್ದು ಸುಳ್ಳಲ್ಲವೆಂದು ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ. ಫೋಕೆ-ವುಲ್ಫ್ 190ರ ವಿನ್ಯಾಸಕಾರ ಕುರ್ಟ್ ಟ್ಯಾಂಕ್. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿ, 1956ರಲ್ಲಿ ಬೆಂಗಳೂರಿಗೆ ಬಂದು, ಎಚ್‌ಎಎಲ್‌ನಲ್ಲಿ ಎಚ್‌ಎಫ್-24 ಮಾರುತ್ ವಿಮಾನವನ್ನು ರೂಪಿಸಿದರು. ಅದು 1961ರ ಜೂನ್‌ನಲ್ಲಿ ಬೆಂಗಳೂರಿನ ಆಕಾಶಕ್ಕೆ ಏರಿತು. ಏರ್‌ಫಿಕ್ಸ್ ಮುಚ್ಚಳದಲ್ಲಿ ಸದಾ ಎದುರಾಳಿಯಾಗಿದ್ದ ಮೂತಿಯ ಗೆರೆ ಹಾಕಿದ ಕೈ ನಮ್ಮೂರಿನ ಡ್ರಾಯಿಂಗ್ ಬೋರ್ಡಿನ ಮೇಲೂ ಓಡಾಡಿತ್ತು. ಮಾರುತ್‌ಗಳು 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹಾರಿದವು. ನಮ್ಮ ಮಕ್ಕಳ ತಲೆಯಲ್ಲಿ ಕೂರುವಂಥ ಮುಚ್ಚಳದ ಭಾಗ್ಯ ಅವಕ್ಕಿರಲಿಲ್ಲ. ಬೆಂಗಳೂರಿನಲ್ಲೇ ತಯಾರಾದ ನ್ಯಾಟ್ ಯುದ್ಧವಿಮಾನದ ಕಥೆಯೂ ಅದೇ. ಏರ್‌ಫಿಕ್ಸ್‌ನ ನ್ಯಾಟ್ ಎಂದರೆ ಬ್ರಿಟನ್ನಿನ ಎರಡು ಆಸನದ ತರಬೇತಿ ವಿಮಾನ, ರೆಡ್ ಆರೋಸ್ ಪ್ರದರ್ಶನ ತಂಡದ ಕೆಂಪು ಬೊಂಬೆ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಒಬ್ಬರೇ ಹಾರಿಸಿ ಪ್ರಾಣಬಿಟ್ಟ ಒಂದಾಸನದ ನ್ಯಾಟ್ ಅಲ್ಲ.

ಲಿಬರೇಟರನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. ಏರ್‌ಫಿಕ್ಸ್ ಅರವತ್ತರ ದಶಕದಲ್ಲಿ ತಂದ ದೊಡ್ಡ ಕಿಟ್ಟುಗಳಲ್ಲಿ ಅದೂ ಒಂದು. ಹುಡುಗರು ಹುಟ್ಟುಹಬ್ಬಕ್ಕೆ ಮಾತ್ರ ಆಸೆಪಡಬಹುದಾದ ದೊಡ್ಡ ಪೆಟ್ಟಿಗೆ. ನಿಜದ ಲಿಬರೇಟರುಗಳಲ್ಲಿ ಹತ್ತಾರನ್ನು ಬ್ರಿಟಿಷರು ಯುದ್ಧದ ಕೊನೆಗೆ ಕಾನ್ಪುರದಲ್ಲಿ, ಮತ್ತೆ ಹಾರದಂತೆ ಕೆಡಿಸಿ, ಗುಜರಿಯಾಗಿ ಬಿಟ್ಟುಹೋದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮಗೆ ಬಾಂಬರುಗಳಿರಲಿಲ್ಲ. ಎಚ್‌ಎಎಲ್‌ನವರು ಆ ಗುಜರಿಯನ್ನು ಒಂದೊಂದಾಗಿ ಹಾರುವಷ್ಟು ಮಟ್ಟಿಗೆ ರಿಪೇರಿ ಮಾಡಿ, ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರು. ಅಚ್ಚಿನ ಚೂರುಗಳಿಲ್ಲ, ‘ಒಂದನೇ ಭಾಗವನ್ನು ಎರಡನೆಯದಕ್ಕೆ ಅಂಟಿಸಿ’ ಎನ್ನುವ ಸೂಚನೆಯ ಹಾಳೆಯೂ ಇಲ್ಲ. ಭಾರತೀಯ ವಾಯುಸೇನೆ ಅವನ್ನು 1968ರವರೆಗೆ ಹಾರಿಸಿತು. ಬೇರೆ ದೇಶಗಳವರು ತಮ್ಮ ಲಿಬರೇಟರುಗಳಲ್ಲಿ ಹೆಚ್ಚಿನವನ್ನು ಕರಗಿಸಿ ಮುಗಿಸಿದ್ದರು. ಹಾಗಾಗಿ ಇಂಗ್ಲೆಂಡಿನ, ಅಮೆರಿಕದ, ಕೆನಡಾದ ವಸ್ತುಸಂಗ್ರಹಾಲಯಗಳು ಒಂದು ಲಿಬರೇಟರ್ ಬೇಕೆಂದು ಹುಡುಕಿದಾಗ ಭಾರತವನ್ನೇ ಕೇಳಬೇಕಾಯಿತು.

ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯದಲ್ಲಿರುವ ಲಿಬರೇಟರ್ ಹೀಗೆ 1974ರಲ್ಲಿ ಭಾರತೀಯ ವಾಯುಸೇನೆಯಿಂದ ಬಂದದ್ದು. ಕ್ರಾಸ್ ಏರ್‌ಫಿಕ್ಸ್ ಬಿಟ್ಟದ್ದೂ ಅದೇ ವರ್ಷ. ಮುಚ್ಚಳಗಳನ್ನು ಕೂಡಿಡುವ ಆ ಬೆಳ್ಳಿಗೂದಲಿನ ಹುಡುಗರು ಅದರ ರೆಕ್ಕೆಯಡಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವರ ತಲೆಯ ಮೇಲಿನ ಆ ತಗಡಿನ ಸಾಲು ಸಾಲು ರಿವೆಟ್ಟುಗಳಲ್ಲಿ ಕೆಲವನ್ನಾದರೂ ಬೆಂಗಳೂರಿನ ಯಾರೋ ಫಿಟ್ಟರು ಹೊಡೆದಿರಬೇಕು.